ಕಾರ್ಡು ಸುಮ್ಮನೆ ಕೂತಿದೆ, ನಾವು ‘ಹೊಸತು ಕೊಳ್ಳಿ’ ಎನ್ನುತ್ತಿದ್ದೇವೆ



ಈ ಸಲ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇವೆ. ಬೈಗುಳದ ಮೊದಲ ಪಾಲು ನಮಗೇ ಇರಲಿ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ, ಪೂಜೆ ಮುಗಿದು ಹೊರಗೆ ಬರುವಾಗ ನಮ್ಮ ಚರ್ಚಿನ ಆಂಟಿಯೊಬ್ಬರು ನಮ್ಮನ್ನು ನಿಲ್ಲಿಸಿದರು. ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಗಲ್ಫಿಗೆ ಹೋದ ತಮ್ಮ ಬಿಟ್ಟುಹೋದ ಒಂದು ಡೆಸ್ಕ್‌ಟಾಪ್ ಅವರ ಮನೆಯಲ್ಲಿ ಉಂಟು. ಪಾಠದ ವಿಡಿಯೊ ಹಾಕಿದರೆ ಟೀಚರ ಸ್ವರ ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಬೋರ್ಡಿನ ಮೇಲಿನ ಲೆಕ್ಕದಲ್ಲಿ ಮೊದಲ ಸಾಲು ಕಾಣುತ್ತದೆ, ಆಮೇಲೆ ನೇರ ಉತ್ತರ. ನಡುವಿನ ಹೆಜ್ಜೆಗಳೆಲ್ಲ ಮಾಯ. ಅಂಗಡಿಯವರು ನೋಡಿ, ವಿಂಡೋಸ್ ಮತ್ತೆ ಹಾಕಿಕೊಟ್ಟು, “ಹಳೆಯದಾಯ್ತು, ಇನ್ನು ಇದಕ್ಕೆ ದುಡ್ಡು ಹಾಕಬೇಡಿ” ಎಂದರಂತೆ.

ನಮ್ಮಲ್ಲೊಬ್ಬರು ಬಿಎಸ್‌ಸಿ ಮುಗಿಸಿದ ಗತ್ತಿನಲ್ಲಿ, ಯಂತ್ರವನ್ನು ಕಣ್ಣಿಂದಲೂ ನೋಡದೆ, “ಹೌದು ಆಂಟಿ, 2011ರ ಪ್ರೊಸೆಸರ್ ಅದು, ಹೊಸತು ತಗೊಳ್ಳಿ” ಎಂದುಬಿಟ್ಟರು. ಆಂಟಿ ಹೇಳಿದ್ದು ಇಷ್ಟೇ: “ನೀನು ಕಲಿತವನು ಮಗಾ, ನೀನು ಹೇಳಿದ ಹಾಗೆ ಮಾಡ್ತೇನೆ.” ಆ ವಾರವೇ ಅವರು ಬಳೆ ಅಡವಿಡಲು ಹೊರಟಿದ್ದಾರೆ ಎಂದು ಮಗಳ ಬಾಯಿಂದ ಗೊತ್ತಾಯಿತು. ಆಗ ನಮಗೆ ನಾಚಿಕೆಯಾಯಿತು. ಸಂಜೆ ಮೂವರು ಅವರ ಮನೆಗೆ ಹೋದೆವು.

ಅಲ್ಲಿ ಕಂಡದ್ದೇನು? ಪ್ರೊಸೆಸರ್ ಎರಡನೇ ತಲೆಮಾರಿನ ಕೋರ್ ಐ3, ನಿಜ. ಆದರೆ ಒಳಗೆ ಒಂದು ಗ್ರಾಫಿಕ್ಸ್ ಕಾರ್ಡೂ ಇತ್ತು: ಎನ್‌ವಿಡಿಯಾ ಜಿಟಿ 1030, ತಮ್ಮ ಊರಿನಲ್ಲಿದ್ದಾಗ ಹಾಕಿಸಿದ್ದು. ಡಿವೈಸ್ ಮ್ಯಾನೇಜರ್ ತೆರೆದರೆ ಆ ಕಾರ್ಡಿನ ಹೆಸರೇ ಇಲ್ಲ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ತೋರಿಸುತ್ತಿತ್ತು. ಅಂದರೆ ವಿಂಡೋಸ್ ಹಾಕಿದವರು ಡ್ರೈವರ್ ಹಾಕಿರಲಿಲ್ಲ. ಸಾಲದ್ದಕ್ಕೆ ಬ್ರೌಸರಿನ ಗ್ರಾಫಿಕ್ಸ್ ಆಕ್ಸಲರೇಶನ್ ಸ್ವಿಚ್ಚನ್ನೂ ಯಾರೋ ಆರಿಸಿಟ್ಟಿದ್ದರು. ಡ್ರೈವರ್ ಹಾಕಿದೆವು, ಸ್ವಿಚ್ ಹೊತ್ತಿಸಿದೆವು, ಒಮ್ಮೆ ರಿಸ್ಟಾರ್ಟ್ ಮಾಡಿದೆವು. ಅದೇ ಪಾಠ, ಅದೇ ಯಂತ್ರ. ಮೊದಲು ನೂರರ ಹತ್ತಿರ ಏದುಸಿರು ಬಿಡುತ್ತಿದ್ದ ಪ್ರೊಸೆಸರ್ ಈಗ ಕಾಲುಭಾಗವೂ ದುಡಿಯಲಿಲ್ಲ. ಲೆಕ್ಕದ ಎಲ್ಲ ಹೆಜ್ಜೆಗಳೂ ಒಂದರ ಹಿಂದೆ ಒಂದು ಬಂದವು. ಖರ್ಚಾದದ್ದು ಆಂಟಿ ಕೊಟ್ಟ ಚಹಾ ಮಾತ್ರ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ಅಲ್ಲವೇ? ತಪ್ಪು ಹೊಂದಿಸಿದವರದ್ದು, ಶಿಕ್ಷೆ ಯಂತ್ರಕ್ಕೆ, ದಂಡ ಬಡವರ ಬಳೆಗೆ.

ಇಲ್ಲಿ ನಡೆದದ್ದು ಏನೆಂದು ಮನೆಯ ಹಿರಿಯರಿಗೂ ಅರ್ಥವಾಗುವ ಹಾಗೆ ಹೇಳುತ್ತೇವೆ. ಫುಲ್ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಸೆಕೆಂಡಿಗೆ 30 ಚಿತ್ರವಾದರೆ ಆರು ಕೋಟಿಗೂ ಹೆಚ್ಚು. ಇಷ್ಟನ್ನು ಹಾಗೆಯೇ ಕಳಿಸಲು ನಮ್ಮ ಊರಿನ ಇಂಟರ್ನೆಟ್ಟಿಗೆ ಸಾಧ್ಯವಿಲ್ಲ. ಆದ್ದರಿಂದ ಅದನ್ನು ಒತ್ತಿ ಕಟ್ಟಿ ಕಳಿಸುತ್ತಾರೆ. ಆ ಕಟ್ಟನ್ನು ಕ್ಷಣಕ್ಷಣವೂ ಬಿಚ್ಚುವ ಕೆಲಸವೇ ಡಿಕೋಡಿಂಗ್. ಇದನ್ನು ಪ್ರೊಸೆಸರ್ ಕೂಡ ಮಾಡಬಲ್ಲದು, ಆದರೆ ಬೆವರು ಸುರಿಸಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇದಕ್ಕೆಂದೇ ಮಾಡಿದ ಒಂದು ಸಣ್ಣ ವಿಭಾಗ ಇರುತ್ತದೆ. ಅದು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ, ಈ ಕೆಲಸವನ್ನು ಮಾತ್ರ ಹೂವೆತ್ತಿದ ಹಾಗೆ ಮಾಡುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯುವ ಮೆಷಿನ್ ಇಟ್ಟುಕೊಂಡು, ಅದರ ಸ್ವಿಚ್ ಹಾಕದೆ, ಮನೆಯ ಅಜ್ಜನನ್ನು ಕೂರಿಸಿ ರಾಶಿ ಅಡಿಕೆ ಕೈಯಲ್ಲಿ ಸುಲಿಸಿ, “ಅಜ್ಜನಿಗೆ ವಯಸ್ಸಾಯ್ತು, ಕೆಲಸ ಸಾಗುವುದಿಲ್ಲ” ಎಂದು ದೂರಿದರೆ ಹೇಗೆ?

“ನನ್ನ ಅಗ್ಗದ ಮೊಬೈಲಿನಲ್ಲೇ ವಿಡಿಯೊ ಚೆನ್ನಾಗಿ ಓಡುತ್ತದೆ, ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಏಕಿಲ್ಲ?” ಎಂದು ಎಷ್ಟೋ ಮಂದಿ ಕೇಳಿದ್ದಾರೆ. ಉತ್ತರ ಇದೇ. ಮೊಬೈಲಿನ ಚಿಪ್ಪಿನಲ್ಲಿ ಆ ಬಿಚ್ಚುವ ವಿಭಾಗ ಉಂಟು, ಕಂಪನಿಯವರು ಅದನ್ನು ಚಾಲೂ ಮಾಡಿಯೇ ಕೊಡುತ್ತಾರೆ. ಡೆಸ್ಕ್‌ಟಾಪಿನಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು, ಕನಿಷ್ಠ ಚಾಲೂ ಆಗಿದೆಯೇ ಎಂದಾದರೂ ನೋಡಬೇಕು.

ಈಗ ನಮ್ಮದೇ ಇನ್ನೊಂದು ಪೆದ್ದುತನ. ಚರ್ಚ್ ಹಾಲಿನ ಕಂಪ್ಯೂಟರಿಗೆ ನಾವು ಚಂದಾ ಎತ್ತಿ ಒಂದು ಕಾರ್ಡ್ ತಂದಿದ್ದೆವು, ಜಿಟಿ 710. “ಎರಡು ಜಿಬಿ ಕಾರ್ಡು” ಎಂದು ಹೆಮ್ಮೆಯಿಂದ ಹಾಕಿದೆವು. ಯೂಟ್ಯೂಬ್ ವಿಡಿಯೊ ಮೊದಲಿನ ಹಾಗೆಯೇ ಕುಂಟಿತು. ಕಾರಣ ತಿಳಿಯಲು ಬಹಳ ದಿನ ಬೇಕಾಯಿತು. ವಿಡಿಯೊ ಕಟ್ಟುವ ವಿಧಾನಗಳು ಹಲವು: 2003ರ ಎಚ್.264, 2013ರ ಎಚ್‌ಇವಿಸಿ ಮತ್ತು ವಿಪಿ9, 2018ರ ಎವಿ1. ಜಿಟಿ 710ರ ಒಳಗಿರುವುದು 2012ರಲ್ಲಿ ಬಂದ ಕೆಪ್ಲರ್ ತಲೆಮಾರಿನ ವಿನ್ಯಾಸ. ಅದು ಎಚ್.264 ಬಿಚ್ಚುತ್ತದೆ, ವಿಪಿ9 ಬಿಚ್ಚುವುದಿಲ್ಲ. ಯೂಟ್ಯೂಬ್ ನಮಗೆ ಕಳಿಸುತ್ತಿದ್ದದ್ದು ವಿಪಿ9. ಕಾರ್ಡಿಗೆ ಆ ಭಾಷೆಯೇ ಬಾರದು, ಕೆಲಸ ಮತ್ತೆ ಅಜ್ಜನ ತಲೆಗೆ ಬಂತು.

ಅದಕ್ಕೂ ಮದ್ದಿತ್ತು. ‘ಎನ್‌ಹಾನ್ಸ್ಡ್ ಎಚ್264ಇಫೈ’ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ ವಿಪಿ9 ಮತ್ತು ಎವಿ1 ತಡೆದರೆ, ಯೂಟ್ಯೂಬ್ ಎಚ್.264 ಕಳಿಸುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ, ಅಷ್ಟೇ. ನಮ್ಮ ಹಾಲಿನ ಗೋಡೆಗೆ 1080ಪಿ ಧಾರಾಳ ಸಾಕು.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ವಿಡಿಯೊ ನೋಡುವುದಕ್ಕಾಗಿ ಕಾರ್ಡನ್ನು ಜಿಬಿ ಲೆಕ್ಕದಲ್ಲಿ ಕೊಳ್ಳುವುದು ಮೂರ್ಖತನ. ಕೇಳಬೇಕಾದ ಪ್ರಶ್ನೆ ಒಂದೇ, ‘ಇದು ಯಾವ ಯಾವ ಕಟ್ಟು ಬಿಚ್ಚುತ್ತದೆ?’ 2017ರಲ್ಲಿ ಬಂದ ಜಿಟಿ 1030 ಎಚ್.264, ಎಚ್‌ಇವಿಸಿ, ವಿಪಿ9 ಮೂರನ್ನೂ ಬಿಚ್ಚುತ್ತದೆ, ಎವಿ1 ಮಾತ್ರ ಇಲ್ಲ. ಎನ್‌ವಿಡಿಯಾದಲ್ಲಿ ಎವಿ1 ಡಿಕೋಡಿಂಗ್ ಬಂದದ್ದು 2020ರ ಆರ್‌ಟಿಎಕ್ಸ್ 30 ಸರಣಿಯಿಂದ. ಹೊಸ ಕಾರ್ಡ್ ಎಂದರೆ ಎಲ್ಲವೂ ಇರುತ್ತದೆ ಎಂದೂ ನಂಬಬೇಡಿ. 2022ರ ಎಎಂಡಿ ಆರ್‌ಎಕ್ಸ್ 6400ರಲ್ಲಿ ಎವಿ1 ಡಿಕೋಡಿಂಗ್ ಇಲ್ಲ, 2021ರ ಆರ್‌ಎಕ್ಸ್ 6600ರಲ್ಲಿ ಇದೆ. ಎನ್‌ವಿಡಿಯಾ ತನ್ನ ಯಾವ ಕಾರ್ಡ್ ಏನು ಬಿಚ್ಚುತ್ತದೆ ಎಂಬ ಪಟ್ಟಿಯನ್ನೇ ಜಾಲದಲ್ಲಿ ಹಾಕಿದೆ. ಕೊಳ್ಳುವ ಮೊದಲು ಹತ್ತು ನಿಮಿಷ ಅದನ್ನು ಓದುವ ವ್ಯವಧಾನ ನಮಗಿರಲಿಲ್ಲ, ಚಂದಾ ಕೊಟ್ಟವರ ದುಡ್ಡು ಹೋಯಿತು. ಅದು ನಮ್ಮ ತಪ್ಪು.

ಇದನ್ನೆಲ್ಲ ಹೇಳಿದಾಗ ಬರುವ ಆಕ್ಷೇಪಗಳೂ ನಮಗೆ ಗೊತ್ತು.

“ಹಳೆಯ ಯಂತ್ರ ಕರೆಂಟು ತಿನ್ನುತ್ತದೆ.” ಜಿಟಿ 1030ಕ್ಕೆ ಕಂಪನಿ ಹೇಳುವ ಗರಿಷ್ಠ ಲೆಕ್ಕ 30 ವಾಟ್. ಹೆಚ್ಚುವರಿ ಪವರ್ ವಯರೂ ಬೇಡ. ಅದನ್ನು ಸುಮ್ಮನೆ ಕೂರಿಸಿ ಹಳೆಯ ಪ್ರೊಸೆಸರನ್ನು ಪೂರ್ತಿ ಓಡಿಸುವುದೇ ದುಂದು.

“ವಿಂಡೋಸ್ 10ರ ಕಾಲ ಮುಗಿಯಿತಲ್ಲ?” ಹೌದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಷ್ಟು ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಆದರೆ ಕಾಸರಗೋಡಿನವರಾದ ನಾವು ಈ ಮಾತಿಗೆ ಹೆದರಬೇಕೇ? ನಮ್ಮ ಶಾಲೆಗಳಲ್ಲಿ ಮಕ್ಕಳು ಐಟಿ ಕಲಿಯುವುದೇ ಕೈಟ್ ಗ್ನೂ/ಲಿನಕ್ಸಿನಲ್ಲಿ. 2020ರ ಜೂನ್ 1ರಂದು ‘ಫಸ್ಟ್ ಬೆಲ್’ ಡಿಜಿಟಲ್ ತರಗತಿ ಶುರುವಾದಾಗ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪಾಠಗಳು ಯೂಟ್ಯೂಬಿಗೂ ಬಂದವು. ಎಂಟನೇ ಕ್ಲಾಸಿನ ಹುಡುಗಿಗೆ ಲಿನಕ್ಸ್ ಗೊತ್ತು. ಹೆದರುವವರು ಪದವಿ ಪಡೆದ ನಾವು!

ಲಿನಕ್ಸಿನಲ್ಲಿ ಒಂದು ತೊಡಕು ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಬ್ರೌಸರುಗಳು ಡಿಕೋಡಿಂಗಿಗೆ ಸಾಮಾನ್ಯವಾಗಿ ವಿಎ-ಎಪಿಐ ಎಂಬ ದಾರಿ ಹಿಡಿಯುತ್ತವೆ. ಎಎಂಡಿ ಮತ್ತು ಇಂಟೆಲ್‌ನ ಮುಕ್ತ ಡ್ರೈವರುಗಳಿಗೆ ಆ ದಾರಿ ನೇರ. ಎನ್‌ವಿಡಿಯಾದ ಸ್ವಂತ ಡ್ರೈವರಿಗೆ ಅದಿಲ್ಲ. ಫೈರ್‌ಫಾಕ್ಸಿಗಾಗಿ ‘ಎನ್‌ವಿಡಿಯಾ-ವಿಎಎಪಿಐ-ಡ್ರೈವರ್’ ಎಂಬ ಸೇತುವೆಯನ್ನು ಬೇರೆಯಾಗಿ ಹಾಕಬೇಕು. ‘ವಿಎಇನ್ಫೊ’ ಎಂದು ಕಮಾಂಡ್ ಕೊಟ್ಟರೆ ಯಾವ ಯಾವ ವಿಧಾನಕ್ಕೆ ದಾರಿ ತೆರೆದಿದೆ ಎಂದು ಪಟ್ಟಿ ಬರುತ್ತದೆ. ಒಂದು ಸಂಜೆಯ ಕೆಲಸ. ಒಂದು ಸಂಜೆ ನಮ್ಮಲ್ಲಿಲ್ಲವೇ?

ಹಾಗಾದರೆ ಯಾರ ಮನೆಗೇ ಹೋದರೂ, “ಹೊಸತು ಕೊಳ್ಳಿ” ಎನ್ನುವ ಮೊದಲು ಈ ಐದನ್ನು ನೋಡಿ.

ಒಂದು, ಮಾನಿಟರಿನ ಕೇಬಲ್ ಕಾರ್ಡಿಗೆ ಸಿಕ್ಕಿಸಿದ್ದಾರೋ, ಮದರ್‌ಬೋರ್ಡಿಗೋ? ಈ ತಪ್ಪು ತುಂಬಾ ಸಾಮಾನ್ಯ. ಜಿಟಿ 1030ರಲ್ಲಿ ವಿಜಿಎ ಸಿಗ್ನಲ್ ಇಲ್ಲ. ಹಳೆಯ ಮಾನಿಟರ್ ಅಥವಾ ಪ್ರೊಜೆಕ್ಟರ್ ಆದರೆ ಸಿಗ್ನಲನ್ನು ಬದಲಾಯಿಸಿ ಕೊಡುವ ಅಡಾಪ್ಟರ್ ಬೇಕು, ಬರೀ ಪಿನ್ ಬದಲಿಸುವ ತುಂಡು ಸಾಲದು.

ಎರಡು, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಸ್ವಂತ ಹೆಸರು ಕಾಣುತ್ತದೆಯೇ? ಇಲ್ಲವಾದರೆ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ಇಳಿಸಿ.

ಮೂರು, ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’ ಒಳಗೆ ಗ್ರಾಫಿಕ್ಸ್ ಆಕ್ಸಲರೇಶನ್ ಚಾಲೂ ಇದೆಯೇ? ವಿಎಲ್‌ಸಿಯಲ್ಲಾದರೆ ಪ್ರಿಫರೆನ್ಸಸ್‌ನ ‘ಇನ್‌ಪುಟ್/ಕೋಡೆಕ್ಸ್’ ಒಳಗೆ ಇಂಥದೇ ಆಯ್ಕೆ ಇದೆ.

ನಾಲ್ಕು, ಯೂಟ್ಯೂಬ್ ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ ಸಾಲಿನಲ್ಲಿ ‘ಎವಿಸಿ1’ ಎಂದಿದ್ದರೆ ಎಚ್.264, ‘ವಿಪಿ09’ ಎಂದಿದ್ದರೆ ವಿಪಿ9, ‘ಎವಿ01’ ಎಂದಿದ್ದರೆ ಎವಿ1. ನಿಮ್ಮ ಕಾರ್ಡಿಗೆ ಬಾರದ್ದು ಬರುತ್ತಿದ್ದರೆ ಮೇಲೆ ಹೇಳಿದ ಎಕ್ಸ್‌ಟೆನ್ಶನ್ ಹಾಕಿ.

ಐದು, ವಿಡಿಯೊ ಓಡುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’, ಅದರಲ್ಲಿ ‘ಜಿಪಿಯು’ ನೋಡಿ. ‘ವಿಡಿಯೊ ಡಿಕೋಡ್’ ಗೆರೆ ಏಳುತ್ತಿದ್ದರೆ ಕಾರ್ಡ್ ದುಡಿಯುತ್ತಿದೆ. ನೆಲಕ್ಕೆ ಅಂಟಿಕೊಂಡಿದ್ದರೆ ಇನ್ನೂ ನಿದ್ದೆಯಲ್ಲಿದೆ.

ಎಲ್ಲ ಹಳೆಯ ಯಂತ್ರವನ್ನೂ ಉಳಿಸಿ ಎಂದು ನಾವು ಹೇಳುತ್ತಿಲ್ಲ. ಎರಡು ಜಿಬಿ ರ‍್ಯಾಮಿನ, ಹಾರ್ಡ್‌ಡಿಸ್ಕ್ ಕಿರುಗುಟ್ಟುವ ಪೆಟ್ಟಿಗೆಗೆ ಕಾರ್ಡ್ ಹಾಕಿ ಪ್ರಯೋಜನವಿಲ್ಲ. ವಾರ್ಷಿಕ ಹಬ್ಬದ ಲೈವ್ ಕೊಡಬೇಕೆಂದರೆ ಅದು ವಿಡಿಯೊ ಬಿಚ್ಚುವ ಕೆಲಸವಲ್ಲ, ಕಟ್ಟುವ ಕೆಲಸ. ಜಿಟಿ 1030ರಲ್ಲಿ ಕಟ್ಟುವ ವಿಭಾಗವೇ ಇಲ್ಲ, ಅದಕ್ಕೆ ಬೇರೆ ಕಾರ್ಡ್ ಬೇಕು. ನಿಜವಾಗಿ ಕೆಟ್ಟುಹೋದದ್ದನ್ನು ಗುಜರಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಸೇರಿದ್ದು ಅದರ ಕಾಲುಭಾಗಕ್ಕೂ ಕಡಿಮೆ. ಓಡುವ ಯಂತ್ರವನ್ನೂ ಆ ರಾಶಿಗೆ ಸೇರಿಸುವುದು ಯಾವ ನ್ಯಾಯ?

ನಮ್ಮ ಮಾತು ಅಂಗಡಿಯವರಿಗಿಂತ ಹೆಚ್ಚಾಗಿ ನಮ್ಮವರಿಗೇ. ಹೊಸತು ಮಾರುವುದು ಅವರ ಹೊಟ್ಟೆಪಾಡು. ಆದರೆ ನಮ್ಮನ್ನು ನಂಬಿ ಕೇಳುವವರಿಗೆ, ಪೆಟ್ಟಿಗೆ ತೆರೆದೂ ನೋಡದೆ, ಮೂವತ್ತು ನಲವತ್ತು ಸಾವಿರದ ಸಲಹೆ ಕೊಡುವ ಹಕ್ಕು ನಮಗೆ ಯಾರು ಕೊಟ್ಟರು? ನೆಗಡಿ ಬಂತೆಂದು ಮೂಗು ಕೊಯ್ಯಲು ಹೇಳುವುದಕ್ಕೆ ಬಿಎಸ್‌ಸಿ ಬೇಕಿಲ್ಲ.

ಆದ್ದರಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಮೇಲಿನ ಐದನ್ನು ನೋಡದೆ ನಮ್ಮ ಯುವಕ ಯುವತಿಯರಲ್ಲಿ ಯಾರೂ ಯಾವ ಮನೆಗೂ “ಹೊಸತು ಕೊಳ್ಳಿ” ಎನ್ನಬಾರದು. ಪ್ರತಿ ತಿಂಗಳ ಎರಡನೇ ಭಾನುವಾರ ಪೂಜೆಯ ನಂತರ ಚರ್ಚ್ ಹಾಲಿನಲ್ಲಿ ಇರುತ್ತೇವೆ. ಸಿಪಿಯು ಪೆಟ್ಟಿಗೆ ಮಾತ್ರ ತನ್ನಿ, ಮಾನಿಟರ್ ನಮ್ಮಲ್ಲಿ ಉಂಟು. ಹೊತ್ತು ತರಲು ಆಗದ ಹಿರಿಯರು ಹೇಳಿ ಕಳಿಸಿ, ನಾವೇ ಬರುತ್ತೇವೆ.

ಅಂದ ಹಾಗೆ, ಆಂಟಿಯ ಬಳೆ ಈಗಲೂ ಅವರ ಕೈಯಲ್ಲೇ ಇದೆ. ಮೊನ್ನೆ ಭಾನುವಾರ ಕಂಡೆವು.