ನಮ್ಮ ಬ್ಯಾಂಕ್ ಪುಟಕ್ಕೆ ಯಾರು ಬರಬೇಕೆಂದು ಗೂಗಲ್ ಯಾಕೆ ತೀರ್ಮಾನಿಸಬೇಕು?

ಗೂಗಲ್ ತನ್ನ ಕ್ರೋಮ್ ಬ್ರೌಸರ್‌ನಿಂದ ಯೂಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ ಅನ್ನು, ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶವನ್ನು, ಹೊರಗೆ ಹಾಕಿದ್ದು ನಮ್ಮ ಸುರಕ್ಷತೆಗಾಗಿ ಎಂಬ ಮಾತನ್ನು ಇನ್ನೂ ಕೆಲವರು ನಂಬಿಕೊಂಡು ಹೇಳುತ್ತಿದ್ದಾರೆ. ತಂತ್ರಜ್ಞಾನ ಬಲ್ಲವರೂ ಹೇಳುತ್ತಿದ್ದಾರೆ. ಎಕ್ಸ್‌ಟೆನ್ಷನ್‌ಗಳು ಅಪಾಯ, ಸಾಮಾನ್ಯ ಜನಕ್ಕೆ ಅದೆಲ್ಲ ಅರ್ಥವಾಗುವುದಿಲ್ಲ, ಕಂಪನಿಯೇ ನೋಡಿಕೊಂಡರೆ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಒಳ್ಳೆಯದಲ್ಲ. ಈ ವಾದದ ಮೊದಲರ್ಧ ನಿಜ, ಉಳಿದರ್ಧ ನಮ್ಮ ಕಣ್ಣಿಗೆ ಮಣ್ಣೆರಚುವ ಕೆಲಸ.

ಒಂದೇ ಒಂದು ಲೆಕ್ಕ ನೋಡಿ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2024ರಲ್ಲಿ ಗಳಿಸಿದ ವರಮಾನ ಸುಮಾರು 350 ಶತಕೋಟಿ ಡಾಲರ್. ಅದರಲ್ಲಿ ಸುಮಾರು 265 ಶತಕೋಟಿ ಜಾಹೀರಾತಿನಿಂದ ಬಂದದ್ದು. ನೂರಕ್ಕೆ ಎಪ್ಪತ್ತೈದು. ಯಾವ ಎಕ್ಸ್‌ಟೆನ್ಷನ್ ಇರಬೇಕು, ಯಾವುದು ಇರಬಾರದು ಎಂದು ಈ ಕಂಪನಿ ತೀರ್ಪು ಕೊಡುವಾಗ ಆ ಎಪ್ಪತ್ತೈದು ಪಕ್ಕದಲ್ಲೇ ಕೂತಿರುತ್ತದೆ. ಯೂಬ್ಲಾಕ್ ಒರಿಜಿನ್ ಜಾಹೀರಾತನ್ನು ತಡೆಯುವ ಎಕ್ಸ್‌ಟೆನ್ಷನ್. ಕ್ರೋಮ್‌ನಲ್ಲಿ ಅದಕ್ಕೆ ಮೂರು ಕೋಟಿಗೂ ಹೆಚ್ಚು ಬಳಕೆದಾರರಿದ್ದರು.

ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಾವಳಿಯ ಮಾತು ಶುರುವಾದದ್ದು 2018ರ ಕೊನೆಯಲ್ಲಿ. ಅದರ ಹೆಸರಿನಲ್ಲಿ ಯೂಬ್ಲಾಕ್ ಒರಿಜಿನ್‌ನಂಥ ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನು 2024ರ ಜೂನ್‌ನಿಂದ ಹಂತಹಂತವಾಗಿ ಮುಚ್ಚುತ್ತಾ ಬಂದರು. ಮೊದಲು ಏನಿತ್ತೆಂದರೆ, ಒಂದು ಪುಟ ಹೊರಗಿನಿಂದ ಏನನ್ನಾದರೂ ತರಿಸಿಕೊಳ್ಳುವ ಮುಂಚೆ ಎಕ್ಸ್‌ಟೆನ್ಷನ್ ಅದನ್ನು ನೋಡಿ, ಬೇಡವೆನಿಸಿದರೆ ಅಲ್ಲೇ ತಡೆಯಬಹುದಿತ್ತು. ಈಗ ಆ ತಡೆಯುವ ಅಧಿಕಾರವಿಲ್ಲ. ಏನೇನು ತಡೆಯಬೇಕೆಂಬ ಪಟ್ಟಿಯನ್ನು ಮೊದಲೇ ಬ್ರೌಸರ್‌ಗೆ ಒಪ್ಪಿಸಿಬಿಡಬೇಕು, ಪಟ್ಟಿ ಎಷ್ಟುದ್ದ ಇರಬಹುದೆಂಬುದಕ್ಕೂ ಮಿತಿ. ಇನ್ನು ನೋಡುವ ಅಧಿಕಾರ? ಅದು ಹಾಗೆಯೇ ಇದೆ! ಅನುಮತಿ ಪಡೆದ ಎಕ್ಸ್‌ಟೆನ್ಷನ್ ಈಗಲೂ ನೀವು ತೆರೆದ ಪುಟವನ್ನು ಓದಬಹುದು, ತಿದ್ದಬಹುದು, ಎಲ್ಲಿಗೆ ಹೋದಿರಿ ಬಂದಿರಿ ಎಂದು ಗಮನಿಸಬಹುದು. ಕದ್ದು ನೋಡುವವನಿಗೆ ಬೇಕಾದದ್ದು ಅಷ್ಟೇ. ತಡೆಯುವವನ ಕೈ ಕಟ್ಟಿ, ಇಣುಕುವವನನ್ನು ಹಾಗೇ ಬಿಟ್ಟಿರುವುದನ್ನು ಸುರಕ್ಷತೆ ಎಂದು ಹೇಗೆ ಕರೆಯುವುದು?

ಜಾಹೀರಾತು ತಡೆಯುವುದೇ ಒಂದು ಸುರಕ್ಷತೆ ಎಂಬುದನ್ನು ಅಮೆರಿಕದ ಎಫ್‌ಬಿಐ ಹೇಳಿದೆ. ಹುಡುಕಾಟದ ಫಲಿತಾಂಶಗಳ ಮೇಲ್ಗಡೆ ಜಾಹೀರಾತು ಹಾಕಿ, ನಕಲಿ ಪುಟಕ್ಕೆ ಕರೆದೊಯ್ದು ಜನರ ಹಣ, ಪಾಸ್‌ವರ್ಡ್ ದೋಚುತ್ತಿದ್ದಾರೆ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಎಂದು 2022ರ ಡಿಸೆಂಬರ್‌ನಲ್ಲಿ ಅದು ಸಾರ್ವಜನಿಕರಿಗೆ ಸಲಹೆ ಕೊಟ್ಟಿತು. ಪೊಲೀಸರು ಹಾಕಿಕೊಳ್ಳಿ ಎಂದದ್ದನ್ನು ಗೂಗಲ್ ಕಿತ್ತುಹಾಕಿತು. ಮತ್ತೆ ಅದೇ ಎಪ್ಪತ್ತೈದು.

ಹಾಗಾದರೆ ಎಕ್ಸ್‌ಟೆನ್ಷನ್‌ಗಳಿಂದ ಅಪಾಯವೇ ಇಲ್ಲವೇ? ಖಂಡಿತ ಇದೆ, ಗೂಗಲ್ ಹೇಳುವುದಕ್ಕಿಂತ ಹೆಚ್ಚೇ ಇದೆ. ದಿ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ 2020ರಲ್ಲಿ ಸದ್ದಿಲ್ಲದೆ ಮಾರಾಟವಾಗಿ ಬೇರೆಯವರ ಕೈಗೆ ಹೋಯಿತು. ಅದರೊಳಗೆ ದುರುದ್ದೇಶದ ಕೋಡ್ ಇದೆಯೆಂದು ಗೂಗಲ್ ಅದನ್ನು ತೆಗೆದುಹಾಕುವಷ್ಟರಲ್ಲಿ 2021ರ ಫೆಬ್ರವರಿ ಬಂದಿತ್ತು. 2024ರ ಕ್ರಿಸ್‌ಮಸ್ ಹೊತ್ತಿಗೆ ಸೈಬರ್‌ಹೇವನ್ ಎಂಬ, ದತ್ತಾಂಶ ರಕ್ಷಣೆಯನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಯ ನೌಕರರೊಬ್ಬರಿಗೆ ಕ್ರೋಮ್ ವೆಬ್ ಸ್ಟೋರ್ ಹೆಸರಿನಲ್ಲಿ ಒಂದು ಮೋಸದ ಮೇಲ್ ಬಂತು. ಅವರು ಕೊಟ್ಟ ಒಪ್ಪಿಗೆಯನ್ನು ಹಿಡಿದು ಕಳ್ಳರು ಆ ಕಂಪನಿಯ ಎಕ್ಸ್‌ಟೆನ್ಷನ್‌ಗೆ ವಿಷ ಬೆರೆಸಿದ ಆವೃತ್ತಿ ಏರಿಸಿದರು. ಅದು ಗೂಗಲ್‌ನ ತಪಾಸಣೆ ದಾಟಿ, ಯಾರ ಅಪ್ಪಣೆಯನ್ನೂ ಕೇಳದೆ ಜನರ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್ ಆಗುತ್ತಾ ಹೋಯಿತು. ಸುಮಾರು ನಾಲ್ಕು ಲಕ್ಷ ಬಳಕೆದಾರರಿದ್ದ ಎಕ್ಸ್‌ಟೆನ್ಷನ್ ಅದು. ಹಳೆಯ ಎಕ್ಸ್‌ಟೆನ್ಷನ್‌ಗಳನ್ನು ಮುಚ್ಚುವ ಕೆಲಸ ಶುರುವಾಗಿ ಆರು ತಿಂಗಳಾಗಿತ್ತು. ಹೊಸ ನಿಯಮ ಏನನ್ನು ತಡೆಯಿತು?

ತಡೆಯುವ ಉಪಾಯ ಬೇರೆಯೇ ಇದೆ, ಅದು ಗೂಗಲ್ ಬಳಿಯೇ ಇದೆ. ಯಾವ ಎಕ್ಸ್‌ಟೆನ್ಷನ್ ಯಾವ ಜಾಲತಾಣದಲ್ಲಿ ಓಡಬೇಕೆಂದು ತಾಣದ ಲೆಕ್ಕದಲ್ಲಿ ನಿಯಂತ್ರಿಸುವುದು. ದೊಡ್ಡ ಕಚೇರಿಗಳಲ್ಲಿ ಕ್ರೋಮ್ ನಿರ್ವಹಿಸುವ ಅಡ್ಮಿನ್‌ಗೆ ಗೂಗಲ್ ಒಂದು ಸೌಲಭ್ಯ ಕೊಟ್ಟಿದೆ. ಇಂತಿಂಥ ವಿಳಾಸಗಳಲ್ಲಿ ಯಾವ ಎಕ್ಸ್‌ಟೆನ್ಷನ್ನೂ ಕಾಲಿಡಕೂಡದು ಎಂದು ಒಂದೇ ಪಟ್ಟಿ ಬರೆದಿಟ್ಟರೆ ಆಯಿತು, ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಅದು ಅನ್ವಯ. ಕಚೇರಿಗೆ ಕೊಟ್ಟದ್ದನ್ನು ಮನೆಗೇಕೆ ಹಾಗೆ ಕೊಡಲಿಲ್ಲ? 2018ರಿಂದ ಮನೆಯವರಿಗೂ ಒಂದು ಆಯ್ಕೆ ಇದೆ, ನಿಜ. ಆದರೆ ಒಂದೊಂದೇ ಎಕ್ಸ್‌ಟೆನ್ಷನ್‌ನ ಮೆನು ಇಲ್ಲವೇ ವಿವರದ ಪುಟ ತೆರೆದು ಹುಡುಕಬೇಕು. ಯಾರೂ ಹುಡುಕುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರಿದ್ದಾರೆ. ಪಿಂಚಣಿ ಖಾತೆ ನೋಡಲು ಲ್ಯಾಪ್‌ಟಾಪ್ ತುಂಬ ನಿಧಾನ ಎಂದು ನನ್ನನ್ನು ಕರೆದರು. ವಿಳಾಸದ ಪಟ್ಟಿಯ ಪಕ್ಕದ ಜಿಗ್ಸಾ ಗುರುತು ಒತ್ತಿದೆ. ಪಿಡಿಎಫ್ ಜೋಡಿಸುವುದೊಂದು, ಸ್ಕ್ರೀನ್‌ಶಾಟ್ ತೆಗೆಯುವುದೊಂದು, ಕೂಪನ್ ಹುಡುಕುವುದೊಂದು, ಪುಟವನ್ನು ಕಪ್ಪಾಗಿಸುವುದೊಂದು, ಮೊಮ್ಮಗ ಹಾಕಿಕೊಟ್ಟಿದ್ದ ಆಟದ್ದೊಂದು. ಒಂದೊಂದರ ವಿವರ ತೆರೆದರೂ ಅದೇ ಸಾಲು: ನೀವು ಭೇಟಿ ಕೊಡುವ ಎಲ್ಲ ತಾಣಗಳ ನಿಮ್ಮ ಎಲ್ಲ ಡೇಟಾವನ್ನು ಓದಬಹುದು, ಬದಲಿಸಬಹುದು. ಅದರ ಕೆಳಗೆ ‘ಆನ್ ಆಲ್ ಸೈಟ್ಸ್’. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. “ಬ್ಯಾಂಕಿನ ಪುಟವೂ ಇದರಲ್ಲಿ ಸೇರಿತೇನಪ್ಪಾ?” ಎಂದರು. ಸೇರಿತು ಮೇಷ್ಟ್ರೇ ಎಂದೆ. “ನಾನು ಇದನ್ನು ಒತ್ತದೇ ಇದ್ದರೂ?” ಒತ್ತದೇ ಇದ್ದರೂ. ನಲ್ಲಿ ರಿಪೇರಿಗೆ ಬಂದವನ ಕೈಗೆ ಬೀರುವಿನ ಬೀಗದ ಕೈಯನ್ನೂ ಕೊಟ್ಟು ಕಳಿಸುವ ವ್ಯವಸ್ಥೆ ಇದು. ಹಾಕಿಕೊಳ್ಳುವಾಗ ಒಂದೇ ಒಂದು ಸಲ ಒಪ್ಪಿಗೆ ಕೇಳಿ, ಎಲ್ಲ ತಾಣಗಳ ಕೀಲಿಯನ್ನೂ ಬ್ರೌಸರ್ ಕೊಟ್ಟುಬಿಡುತ್ತದೆ. ಎಚ್‌ಟಿಟಿಪಿಎಸ್ ಇದೆ, ಭಯ ಬೇಡ ಎನ್ನುವವರು ತಿಳಿಯಲಿ: ಆ ಗೂಢಲಿಪಿ ದಾರಿಯಲ್ಲಿ ಕದಿಯುವವನಿಗೆ ಅಡ್ಡಿ. ಎಕ್ಸ್‌ಟೆನ್ಷನ್ ದಾರಿಯಲ್ಲಿಲ್ಲ, ಪುಟದೊಳಗೇ ಇದೆ. ಖಾತೆಯಲ್ಲಿರುವ ಹಣ ನಿಮಗೆ ಕಾಣುವಾಗ ಅದಕ್ಕೂ ಕಾಣುತ್ತದೆ.

ಆಪಲ್‌ನ ಸಫಾರಿ ಈ ವಿಷಯದಲ್ಲಿ ಸರಿಯಾಗಿ ನಡೆದುಕೊಂಡಿದೆ. ಎಕ್ಸ್‌ಟೆನ್ಷನ್ ಒಂದು ಪುಟಕ್ಕೆ ಬರಬೇಕಾದಾಗ ಈ ತಾಣಕ್ಕೆ ಬಿಡಲೇ, ಒಂದು ದಿನಕ್ಕೆ ಬಿಡಲೇ, ಯಾವಾಗಲೂ ಬಿಡಲೇ ಎಂದು ನಮ್ಮನ್ನು ಕೇಳುತ್ತದೆ. ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವವರು ಐಫೋನ್ ಹಿಡಿದ ಯಾರನ್ನಾದರೂ ಕೇಳಲಿ, ಅರ್ಥವಾಗುತ್ತದೆ. ಮೊಜಿಲ್ಲಾ ದಾರಿ ಬೇರೆ. 2023ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 115ರಲ್ಲಿ ಅದು ಕೆಲವು ತಾಣಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡು, ತಾನು ನಿಗಾ ಇಟ್ಟಿರುವ ಎಕ್ಸ್‌ಟೆನ್ಷನ್‌ಗಳನ್ನಷ್ಟೇ ಅಲ್ಲಿ ಬಿಟ್ಟಿತು. ಪಟ್ಟಿಯಲ್ಲಿದ್ದವು ಮುಖ್ಯವಾಗಿ ಬ್ರೆಜಿಲ್‌ನ ಬ್ಯಾಂಕ್‌ಗಳು. ಬ್ಯಾಂಕ್ ಪುಟವನ್ನು ಬೇರೆಯಾಗಿ ಕಾಯಬೇಕೆಂಬ ಯೋಚನೆ ನೂರಕ್ಕೆ ನೂರು ಸರಿ. ಪಟ್ಟಿಯನ್ನು ಕಂಪನಿಯ ಕಚೇರಿಯಲ್ಲಿ ಕೂತು ಬರೆದದ್ದು ತಪ್ಪು. ಪ್ರತಿ ಎಕ್ಸ್‌ಟೆನ್ಷನ್‌ಗೂ ಬಳಕೆದಾರನೇ ಒಪ್ಪಿಗೆ ಕೊಡುವ ಸ್ವಿಚ್ ಆಮೇಲೆ ಬಂತು. ಮೊದಲೇ ಬರಬೇಕಿತ್ತು.

ಜನ ಓದದೆ ಒಪ್ಪಿಬಿಡುತ್ತಾರೆ ಎಂದು ದೂರುವಾಗ ನಮ್ಮ ದೇಶದ ಸರ್ಕಾರಿ ಪೋರ್ಟಲ್‌ಗಳ ಬಗ್ಗೆ ಯೋಚಿಸಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಡಿಜಿಟಲ್ ಸಹಿ ಹಾಕಿ ಟೆಂಡರ್ ಸಲ್ಲಿಸಿದ ಗುತ್ತಿಗೆದಾರರನ್ನು, ಲೆಕ್ಕಪತ್ರ ಸಲ್ಲಿಸಿದ ಆಡಿಟರ್ ಕಚೇರಿಯ ಹುಡುಗರನ್ನು ಕೇಳಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆಯಿರಿ, ನಮ್ಮ ವಿಳಾಸವನ್ನು ‘ಟ್ರಸ್ಟೆಡ್ ಸೈಟ್ಸ್’ಗೆ ಸೇರಿಸಿ, ಆಕ್ಟಿವ್‌ಎಕ್ಸ್ ಎಂದಿರುವ ಕಡೆಯೆಲ್ಲ ‘ಎನೇಬಲ್’ ಒತ್ತಿ, ಜಾವಾ ಎಚ್ಚರಿಕೆ ಕೊಟ್ಟರೆ ಒಪ್ಪಿಕೊಳ್ಳಿ ಎಂದು ಕೈಪಿಡಿಗಳೇ ಹೇಳಿಕೊಡುತ್ತಿದ್ದವು. ಕ್ರೋಮ್ 2015ರಲ್ಲಿ ಜಾವಾ ಪ್ಲಗಿನ್ ಕೈಬಿಟ್ಟ ಮೇಲೂ ಇಂಥ ಕೈಪಿಡಿಗಳು ಬದಲಾಗಲಿಲ್ಲ. ಎಷ್ಟೋ ಸೈಬರ್ ಸೆಂಟರ್‌ಗಳಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಅದೇ ಕೆಲಸಕ್ಕೆಂದು ಹೀಗೆ ರಕ್ಷಣೆ ಸಡಿಲಿಸಿ ಇಟ್ಟಿರುತ್ತಿದ್ದರು. ಎಚ್ಚರಿಕೆ ಬಂದರೆ ಓದದೆ ‘ಯೆಸ್’ ಒತ್ತಬೇಕೆಂದು ಒಂದಿಡೀ ತಲೆಮಾರಿಗೆ ಕಲಿಸಿದವರು ನಾವೇ. ಈಗ ಅದೇ ಜನ ಬುದ್ಧಿಯಿಲ್ಲದೆ ಎಲ್ಲಕ್ಕೂ ‘ಅಲೋ’ ಒತ್ತುತ್ತಾರೆಂದು ಬೈಯುವುದು ಯಾವ ನ್ಯಾಯ?

ಮೇಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ಮೂರನ್ನು ತೆಗೆದುಹಾಕಿ, ಉಳಿದ ಎರಡನ್ನು, ಒತ್ತಿದಾಗ ಮಾತ್ರ ಓಡುವಂತೆ, ‘ಆನ್ ಕ್ಲಿಕ್’ಗೆ ಬದಲಿಸಿ ಬಂದೆ. ನೀವೂ ಇಂದೇ ಮಾಡಿ. ಹಣದ ಕೆಲಸಕ್ಕೆಂದೇ ಒಂದೂ ಎಕ್ಸ್‌ಟೆನ್ಷನ್ ಇಲ್ಲದ ಬೇರೆ ಪ್ರೊಫೈಲ್ ಇಟ್ಟುಕೊಳ್ಳಿ. ಆದರೆ ಕೋಟ್ಯಂತರ ಜನರ ಹಣವನ್ನು ಹೀಗೆ ಮನೆಮನೆಗೆ ಹೋಗಿ ಕಾಯಲಾಗದು.

ರಿಸರ್ವ್ ಬ್ಯಾಂಕ್ ಮನಸ್ಸು ಮಾಡಿದರೆ ದಾರಿ ಇದೆ. ಬ್ಯಾಂಕ್‌ಗಳೆಲ್ಲ ತಮ್ಮ ತಾಣಗಳನ್ನು ಬ್ಯಾಂಕ್.ಇನ್ ಎಂದು ಮುಗಿಯುವ ವಿಳಾಸಕ್ಕೆ ಬದಲಿಸಬೇಕೆಂದು ಅದು 2025ರ ಏಪ್ರಿಲ್‌ನಲ್ಲಿ ಆದೇಶಿಸಿ, ಅಕ್ಟೋಬರ್ 31ರ ಗಡುವು ಹಾಕಿತು. ಬ್ರೆಜಿಲ್‌ಗಾಗಿ ಮೊಜಿಲ್ಲಾ ಒಂದೊಂದೇ ಬ್ಯಾಂಕಿನ ವಿಳಾಸ ಬರೆಯಬೇಕಾಯಿತು. ನಮಗೆ ಒಂದು ಸಾಲು ಸಾಕು. ಬ್ಯಾಂಕ್.ಇನ್ ಎಂದು ಮುಗಿಯುವ ಯಾವ ಪುಟದಲ್ಲೂ, ಗ್ರಾಹಕ ತಾನಾಗಿ ಹೆಸರು ಹಿಡಿದು ಒಪ್ಪುವವರೆಗೆ, ಯಾವ ಎಕ್ಸ್‌ಟೆನ್ಷನ್ನೂ ಓಡಕೂಡದು. ಒಪ್ಪುವ ಗುಂಡಿ ಆ ಪುಟದ ವಿಳಾಸದ ಪಕ್ಕದಲ್ಲೇ, ಕನ್ನಡದಲ್ಲೂ ಇರಬೇಕು. ಇದನ್ನು ಗೂಗಲ್‌ಗೆ, ಮೈಕ್ರೋಸಾಫ್ಟ್‌ಗೆ, ಮೊಜಿಲ್ಲಾಕ್ಕೆ ರಿಸರ್ವ್ ಬ್ಯಾಂಕ್ ಮತ್ತು ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಲಿಖಿತವಾಗಿ ಕೇಳಬೇಕು, ಸಿಕ್ಕ ಉತ್ತರವನ್ನು ಜನರ ಮುಂದಿಡಬೇಕು.