ಕರಮಾಳೆಯಿಂದ ಉದಯಪುರಕ್ಕೆ

ಹಿಂದಿ ಪ್ರೇಮಚಿತ್ರವೆಂದೊಡನೆ ಹಿಮಪರ್ವತಗಳೋ ಮುಂಬಯಿಯ ಗಗನಚುಂಬಿ ಮನೆಗಳೋ ಕಣ್ಣೆದುರು ನಿಲ್ಲುವುದು ರೂಢಿ. ಆದರೆ ಕಳೆದ ದಶಕದ ಹೆಸರಾಂತ ಹಿಂದಿ ಪ್ರೇಮಚಿತ್ರವೊಂದರ ಬೇರು ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ. ಜಾಹ್ನವಿ ಕಪೂರ್ ಮತ್ತು ಇಶಾನ್ ಖಟ್ಟರ್ ಅಭಿನಯಿಸಿ, 2018ರ ಜುಲೈ 20ರಂದು ತೆರೆಕಂಡ ‘ಧಡಕ್’ 2016ರ ಮರಾಠಿ ‘ಸೈರಾಟ್’ನ ಹಿಂದಿ ರೂಪ.

‘ಸೈರಾಟ್’ನ ನಿರ್ದೇಶಕ ನಾಗರಾಜ ಮಂಜುಳೆ ಕರಮಾಳೆ ತಾಲೂಕಿನ ಜೇವೂರಿನವರು, ನಾಯಕಿ ರಿಂಕು ರಾಜಗುರು ಅಕಲೂಜದವರು. ಚಿತ್ರೀಕರಣದ ವೇಳೆ ಇನ್ನೂ ಶಾಲಾ ವಿದ್ಯಾರ್ಥಿನಿಯಾಗಿದ್ದ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯ ವಿಶೇಷ ಉಲ್ಲೇಖ ದೊರೆಯಿತು. ಮರುವರ್ಷ ಎಸ್. ನಾರಾಯಣ್ ಈ ಕಥೆಯನ್ನು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ತಂದಾಗಲೂ ನಾಯಕಿ ಅವರೇ. ಮೂರು ಭಾಷೆಗಳ ಈ ಮೂರು ರೂಪಗಳನ್ನೂ ಅನುವಾದದ ಊರುಗೋಲಿಲ್ಲದೆ ನೋಡಬಲ್ಲ ಪ್ರೇಕ್ಷಕರು ಅಕ್ಕಲಕೋಟೆಯ ಕನ್ನಡ ಮನೆಗಳಲ್ಲಿ ಧಾರಾಳವಾಗಿದ್ದಾರೆ. ಬೆಂಗಳೂರಿಗೂ ಮುಂಬಯಿಗೂ ಈ ಭಾಗ್ಯ ಅಷ್ಟು ಸುಲಭವಲ್ಲ.

ಹೋಲಿಸಿ ನೋಡಿದಾಗ ಹಿಂದಿ ಚಿತ್ರ ಸೊರಗಿರುವುದು ಎದ್ದು ಕಾಣುತ್ತದೆ. ಮರಾಠಿಯಲ್ಲಿ ಪರಶ್ಯಾ ಮೀನುಗಾರನ ಮಗ, ಆರ್ಚಿ ಊರ ಧಣಿಯ ಮಗಳು. ಧಣಿಯ ಮಗ ತರಗತಿಯಲ್ಲೇ ಅಧ್ಯಾಪಕನ ಕೆನ್ನೆಗೆ ಹೊಡೆಯುವ ದೃಶ್ಯವೊಂದೇ ಊರಿನ ಜಾತಿಬಲವನ್ನು ತೆರೆದಿಡುತ್ತದೆ. ‘ಧಡಕ್’ನಲ್ಲಿ ಉದಯಪುರದ ಸರೋವರ, ಅರಮನೆಗಳು ಮುಂದೆ ಬಂದು, ಜಾತಿ ಒಂದೆರಡು ಮಾತುಗಳಿಗೆ ಕುಗ್ಗಿತು. ಕಥೆಯ ನರವನ್ನೇ ಕಿತ್ತು ಅಂದವನ್ನು ಉಳಿಸಿಕೊಂಡಂತಾಯಿತು. 2025ರ ‘ಧಡಕ್ 2’ ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಿದೆ. ತಮಿಳಿನ ‘ಪರಿಯೇರುಂ ಪೆರುಮಾಳ್’ ಆಧರಿಸಿದ ಇದರ ನಾಯಕ ದಲಿತ ಕಾನೂನು ವಿದ್ಯಾರ್ಥಿ.

ಈ ಚಿತ್ರಗಳಿಗಾಗಿ ಈಗ ಸೊಲ್ಲಾಪುರದ ಚಿತ್ರಮಂದಿರಕ್ಕೆ ಹೋಗಬೇಕಿಲ್ಲ. ‘ಸೈರಾಟ್’, ‘ಧಡಕ್’ ಜೀ5ರಲ್ಲೂ, ‘ಧಡಕ್ 2’ ನೆಟ್‌ಫ್ಲಿಕ್ಸ್‌ನಲ್ಲೂ ಬಂದಿವೆ. ಪ್ರಸಾರದ ಹಕ್ಕು ಕೈ ಬದಲಾಗುವುದುಂಟಾದ್ದರಿಂದ ಚಂದಾ ಕಟ್ಟುವ ಮುನ್ನ ಹುಡುಕಿ ನೋಡುವುದು ಲೇಸು. ‘ಧಡಕ್ 2’ಕ್ಕೆ ಯು/ಎ 16+ ಪ್ರಮಾಣಪತ್ರವಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ 13+ ಹಾಗೂ ಮೇಲಿನ ಚಿತ್ರಗಳಿಗೆ ಪಾಲಕರ ಬೀಗದ ಸೌಲಭ್ಯವನ್ನು ಈ ವೇದಿಕೆಗಳು ಒದಗಿಸಲೇಬೇಕು. ಮೊಬೈಲು ಮಕ್ಕಳ ಕೈಯಲ್ಲೇ ಇರುವ ಮನೆಗಳಲ್ಲಿ ಆ ಬೀಗ ಬಳಕೆಯಾಗುವುದು ಅಪರೂಪ.

ಬೀಗಕ್ಕಿಂತ ಮುಖ್ಯವಾದ ಸಂಗತಿಯೊಂದು ‘ಸೈರಾಟ್’ನ ನಡುಭಾಗದಲ್ಲಿದೆ. ಓಡಿಹೋದ ಜೋಡಿ ಸಿಕ್ಕಿಬೀಳುತ್ತದೆ. ಧಣಿ ಹುಡುಗನ ಮೇಲೂ ಗೆಳೆಯರ ಮೇಲೂ ಅತ್ಯಾಚಾರದ ದೂರು ಹೊರಿಸುತ್ತಾನೆ. ಆರ್ಚಿ ಪೊಲೀಸ್ ಠಾಣೆಯಲ್ಲೇ ಆ ಕಾಗದವನ್ನು ಹರಿದೆಸೆಯುತ್ತಾಳೆ. ಚಿತ್ರಮಂದಿರಗಳಲ್ಲಿ ಶಿಳ್ಳೆಗೆ ಇದು ತಕ್ಕ ದೃಶ್ಯವೇ. ಆದರೆ ಒಮ್ಮೆ ದಾಖಲಾದ ಪ್ರಥಮ ವರ್ತಮಾನ ವರದಿ ಕಾಗದ ಹರಿದರೆ ಅಳಿಯುವುದಿಲ್ಲ. ವಿಚಾರಣೆಗೆ ಮುನ್ನವೇ ಅದನ್ನು ರದ್ದುಗೊಳಿಸಲು ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಬೇಕು. ಹುಡುಗಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ ಕಾಯ್ದೆ ಆಕೆಯ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಹುಡುಗ ಆರೋಪಿಯಾಗಿಯೇ ಉಳಿಯುತ್ತಾನೆ. ವಿವಾಹಕ್ಕೆ ಹೆಣ್ಣಿಗೆ 18, ಗಂಡಿಗೆ 21 ತುಂಬಿದ್ದರೆ ಮಾತೇ ಬೇರೆ. ಶಕ್ತಿವಾಹಿನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 27ರಂದು, ವಯಸ್ಕರಿಬ್ಬರ ಮದುವೆಗೆ ಮನೆಯವರ ಅಥವಾ ಜಾತಿಯವರ ಒಪ್ಪಿಗೆ ಬೇಕಿಲ್ಲವೆಂದಿತು. ಬೆದರಿಕೆಗೆ ಒಳಗಾದವರ ದೂರು ಸ್ವೀಕರಿಸಲು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕೆಂದಿತು. ‘ಧಡಕ್’ ತೆರೆಕಂಡದ್ದು ಅದಾಗಿ ನಾಲ್ಕು ತಿಂಗಳೊಳಗೆ.