ಹನಿ ಜಾರಿದರೆ ಸಾಲದು

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದು. ಎಲೆಯ ಮೈಮೇಲಿನ ಸೂಕ್ಷ್ಮ ಉಬ್ಬುಗಳೂ ಮೇಣವೂ ಸೇರಿ ಹನಿಯನ್ನು ಉರುಳಿಸಿಬಿಡುತ್ತವೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಕಮಲದ ಎಲೆಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸಿದ ಮೇಲೆ ಅದನ್ನು ಅನುಕರಿಸಿದ ಲೇಪನಗಳಿಗೆ ಲೆಕ್ಕವಿಲ್ಲ. ಫೋಟೊದಲ್ಲಿ ಎಲ್ಲವೂ ಚಂದವೇ. ನಾಲ್ಕು ಸಲ ಉಜ್ಜಿದರೆ ಬಂಡವಾಳ ಬಯಲು. ಸವೆದ ಮೇಣವನ್ನು ಎಲೆ ಮತ್ತೆ ಬೆಳೆಸಿಕೊಂಡೀತು. ಲೇಪನ ಬಳಿದ ಗಾಜಿಗೆ ಆ ಭಾಗ್ಯವೆಲ್ಲಿ?

ಹಾಗಾಗಿಯೇ 2020ರಲ್ಲಿ ಚೀನಾ ಮತ್ತು ಫಿನ್‌ಲೆಂಡ್ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿನ್ಯಾಸ ಗಮನಾರ್ಹ. ಮೇಲ್ಮೈಯಲ್ಲಿ ತಲೆಕೆಳಗಾದ ಪಿರಮಿಡ್ಡಿನಂಥ ಸಣ್ಣ ಗುಳಿಗಳನ್ನು ಮಾಡಿ, ನಾಜೂಕಾದ ನ್ಯಾನೊ ಪದರವನ್ನು ಅವುಗಳೊಳಗೆ ಕೂರಿಸಿದರು. ಸ್ಯಾಂಡ್‌ಪೇಪರ್, ಉಕ್ಕಿನ ಬ್ಲೇಡುಗಳ ಪೆಟ್ಟನ್ನು ಗುಳಿಯ ಅಂಚುಗಳೇ ತಿಂದವು, ಒಳಗಿನದು ಉಳಿಯಿತು. ರಸಾಯನಕ್ಕಿಂತ ಆಕಾರವನ್ನು ನಂಬಿದ ಜಾಣತನವಿದು.

ಬಟ್ಟೆಯಲ್ಲಿ ನಂಬಿದ್ದು ರಸಾಯನವನ್ನೇ. ಜಾಕೆಟ್ಟುಗಳಿಗೆ ದಶಕಗಳ ಕಾಲ ಬಳಿದ ಫ್ಲೋರಿನ್ ಸಂಯುಕ್ತಗಳು ನೀರನ್ನಷ್ಟೇ ಅಲ್ಲ, ಎಣ್ಣೆಯನ್ನೂ ದೂರವಿಟ್ಟವು. ಆದರೆ ಒಗೆದಾಗ ಕಳಚಿದ್ದು ನದಿ ಸೇರಿತು, ಅಲ್ಲಿ ಕೊಳೆಯದೆ ಕೂತಿತು. ಈ ಬಳಗದ ಪಿಎಫ್ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿತು. ಕ್ಯಾಲಿಫೋರ್ನಿಯಾ 2025ರಿಂದ ಇಂಥ ಬಹುತೇಕ ಬಟ್ಟೆಗಳ ಮಾರಾಟಕ್ಕೇ ತಡೆ ಹಾಕಿದೆ. ಬದಲಿಗೆ ಬಂದ ಮೇಣ, ಸಿಲಿಕೋನುಗಳು ಮಳೆಯನ್ನು ತಡೆಯುತ್ತವೆ, ಎಣ್ಣೆಕಲೆಯನ್ನಲ್ಲ. ಮಳೆಯಂಗಿಗೆ ಅಷ್ಟು ಸಾಕಲ್ಲವೇ?

ನಮ್ಮ ಅಂಗಡಿಗಳ ರೇನ್‌ಕೋಟಿನ ಚೀಟಿಯಲ್ಲಿ 'ವಾಟರ್‌ಪ್ರೂಫ್' ಎಂಬ ಒಂದೇ ಪದ ಸಾಲದು. ಯಾವ ಲೇಪನ, ಎಷ್ಟು ಒಗೆತದವರೆಗೆ ಎಂಬುದನ್ನೂ ತಯಾರಕರು ಅಚ್ಚು ಹಾಕಲಿ.